ಡಕೋಟ ವಿಮಾನ: ಹೆಸರು ಮೂರು, ಒಡಲು ಒಂದು

ಕಳೆದ ಭಾನುವಾರ ನಮ್ಮ ಕಳವಾ ವಾಚನಾಲಯದಲ್ಲಿ ಇಬ್ಬರು ತರುಣರಿಗೆ ವಾದವಾಯಿತು. ಒಬ್ಬನಿಗೆ ಅಪ್ರೆಂಟಿಸ್ ಪರೀಕ್ಷೆ ಹತ್ತಿರ ಬಂದಿದೆ. ಡಿ.ಸಿ.–3, ಸಿ–47, ಡಕೋಟ ಎಂಬವು ಮೂರು ಬೇರೆ ಬೇರೆ ವಿಮಾನಗಳೆಂದು ಅವನು ಬರೆದುಕೊಂಡಿದ್ದ. ಪರೀಕ್ಷೆಯಲ್ಲಿ ಈ ತಪ್ಪು ಯಾರಿಗೂ ಆಗಬಾರದೆಂದು ಈ ಪಾಠ.

ಅಮೆರಿಕದ ಡಗ್ಲಾಸ್ ಕಂಪನಿಯು 1934ರಲ್ಲಿ 14 ಆಸನಗಳ ಡಿ.ಸಿ.–2 ವಿಮಾನವನ್ನು ಹಾರಿಸಿತು. ಅದರ ಒಡಲನ್ನು ಅಗಲಿಸಿ ಮಾಡಿದ ಹೊಸ ವಿಮಾನವು 1935ರ ಡಿಸೆಂಬರ್ 17ರಂದು ಮೊದಲು ಹಾರಿತು. ರಾತ್ರಿ ಪ್ರಯಾಣಕ್ಕೆ 14 ಮಂದಿ ಮಲಗುವ ಏರ್ಪಾಡಿದ್ದುದು ಡಿ.ಎಸ್.ಟಿ.; 21 ಆಸನಗಳಿದ್ದುದು ಡಿ.ಸಿ.–3. ಯುದ್ಧಕಾಲದಲ್ಲಿ ನೆಲವನ್ನು ಗಟ್ಟಿಮಾಡಿ, ಸಾಮಾನು ಹೇರಲು ದೊಡ್ಡ ಬಾಗಿಲಿಟ್ಟಾಗ ಸಿ–47 ಆಯಿತು. ಅದನ್ನೇ ಬ್ರಿಟಿಷರು ಡಕೋಟ ಎಂದು ಕರೆದರು. ನಮ್ಮ ದೇಶದಲ್ಲಿ ಆ ಹೆಸರೇ ನಿಂತಿತು.

ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಅನೇಕ ಡಕೋಟಗಳನ್ನು ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಕೆಲಸಗಾರರು ಪುನಃ ಪ್ರಯಾಣಿಕರಿಗೆ ಯೋಗ್ಯವಾಗುವಂತೆ ಮಾರ್ಪಡಿಸಿದರು. 1953ರಲ್ಲಿ ಇಂಡಿಯನ್ ಏರ್‌ಲೈನ್ಸ್ ಕಾರ್ಪೊರೇಷನ್ ಆರಂಭವಾದಾಗ ಅದಕ್ಕೆ 74 ಡಕೋಟಗಳು ಬಂದವು.

ಇನ್ನು ಅಳತೆಗಳು. ರೆಕ್ಕೆಯ ತುದಿಯಿಂದ ತುದಿಗೆ 95 ಅಡಿ. ಎಂಜಿನ್ ಎರಡು, ಹೆಚ್ಚಿನವುಗಳಲ್ಲಿ ಒಂದೊಂದಕ್ಕೆ 14 ಸಿಲಿಂಡರ್, ಸುಮಾರು 1,200 ಅಶ್ವಶಕ್ತಿ. ಡಿ.ಸಿ.–3ಎ ಮಾದರಿಯ ಖಾಲಿ ತೂಕ ಸುಮಾರು 7,650 ಕಿಲೋ; ತುಂಬಿದ ಗರಿಷ್ಠ ತೂಕ ಸುಮಾರು 11,430 ಕಿಲೋ.

ಗಿರಣಿಯ ಗೇಟಿನಲ್ಲಿ ಲಾರಿಯ ತೂಕದ ಚೀಟಿ ನೋಡಿದವರಿಗೆ ಇದು ಹೊಸದಲ್ಲ. ಗ್ರಾಸ್ ತೂಕದಲ್ಲಿ ಟೇರ್ ಕಳೆದರೆ ಇಲ್ಲಿ 3,780 ಕಿಲೋ ಉಳಿಯುತ್ತದೆ. ಆದರೆ ಅದೆಲ್ಲವೂ ಪ್ರಯಾಣಿಕರದಲ್ಲ. ಸಾಮಾನು ಸಹಿತ ಒಬ್ಬರಿಗೆ 90 ಕಿಲೋ ಎಂದಿಟ್ಟುಕೊಂಡರೆ 21 ಮಂದಿಗೆ 1,890 ಕಿಲೋ, ಸರಿಯಾಗಿ ಅರ್ಧ. ಚಾಲಕರು, ಪೆಟ್ರೋಲು, ಎಂಜಿನ್ ಎಣ್ಣೆ, ಟಪಾಲು ಎಲ್ಲವೂ ಉಳಿದರ್ಧದಲ್ಲಿ ಹಿಡಿಯಬೇಕು. ಆಸನಗಳನ್ನು 28ಕ್ಕೆ ಏರಿಸಿದರೆ 630 ಕಿಲೋ ಹೆಚ್ಚುತ್ತದೆ. ಪೆಟ್ರೋಲನ್ನೋ ಟಪಾಲನ್ನೋ ಅಷ್ಟು ಇಳಿಸಲೇಬೇಕು. ಪೆಟ್ರೋಲು ಇಳಿಸಿದರೆ ಹಾರುವ ದೂರ ಕಡಿಮೆಯಾಯಿತು.

ಆದುದರಿಂದ ಪರೀಕ್ಷೆಗೆ ಹೋಗುವವರು ಹೆಸರುಗಳನ್ನು ಬಾಯಿಪಾಠ ಮಾಡಿದರೆ ಸಾಲದು. ಬಾಗಿಲು ಎಂಥದು, ನೆಲ ಎಂಥದು, ಒಳಗೆ ಹೇರುವುದು ಏನು, ಈ ಮೂರನ್ನು ಕೇಳಿಕೊಂಡರೆ ಮಾದರಿ ತಾನಾಗಿಯೇ ತಿಳಿಯುತ್ತದೆ. ಆ ತರುಣನು ಈ ಲೆಕ್ಕವನ್ನು ತನ್ನ ಕೈಯಿಂದಲೇ ಮಾಡಿ ನೋಡಿದ್ದಾನೆ. ಅವನಿಗೆ ಯಶಸ್ಸಾಗಲಿ.