ಬೆಟ್ಟ ಬಯಲಿಗೆ ಹೊರಟ ಮಗುವಿಗೆ ಎಂತಹ ಉಡುಗೊರೆ?

ಪಾಠದ ಉದ್ದೇಶ: 3ರಿಂದ 8 ವರ್ಷದೊಳಗಿನ ಮಗುವಿಗೆ ಹೊರಾಂಗಣ ವಿಹಾರಕ್ಕೆ ಬೇಕಾದ ವಸ್ತುಗಳನ್ನು ಉಡುಗೊರೆಯಾಗಿ ಕೊಡಿಸುವಾಗ ದಂಪತಿಗಳು ಗಮನಿಸಬೇಕಾದ ಅಂಶಗಳನ್ನು ತಿಳಿಸುವುದು.

ಬೇಸಗೆಯ ರಜೆ ಬಂದಾಗ, ಊರಿನಲ್ಲಿ ತೇರು ನಡೆದಾಗ, ಇಲ್ಲವೇ ಹುಟ್ಟುಹಬ್ಬದ ದಿನ ಮಗುವಿಗೆ ಏನನ್ನಾದರೂ ಕೊಡಿಸಬೇಕೆಂದು ತಂದೆತಾಯಿಗಳು ಬಯಸುವುದು ಸಹಜ. ನಮ್ಮ ಜಿಲ್ಲೆಯ ಮಕ್ಕಳಿಗೆ ಸಾಹಸದ ಆಸೆ ಹುಟ್ಟಿಸಲು ಬೇರೆ ಯಾರೂ ಬೇಕಾಗಿಲ್ಲ. ಚಿತ್ರದುರ್ಗದಲ್ಲಿ ಏಳು ಸುತ್ತಿನ ಕೋಟೆಯೂ ಚಂದ್ರವಳ್ಳಿಯ ಗುಹೆಗಳೂ ಇವೆ. ಹಿರಿಯೂರಿನಲ್ಲಿ ವಾಣಿವಿಲಾಸ ಸಾಗರವಿದೆ. ಹೊಸದುರ್ಗದಲ್ಲಿ ಗಾಳಿಯಂತ್ರಗಳು ತಿರುಗುವ ಗುಡ್ಡಗಳಿವೆ, ಹೊಳಲ್ಕೆರೆಯಲ್ಲಿ ಅಡಿಕೆ ತೋಟಗಳೂ ಕೆರೆಗಳೂ ಇವೆ. ಇಂತಹ ಕಡೆ ಓಡಾಡುವುದರಿಂದ ಮಗುವಿನ ಎಲುಬು ಸ್ನಾಯುಗಳು ಬಲಗೊಳ್ಳುತ್ತವೆ, ಹಸಿವು ನಿದ್ರೆಗಳು ಚೆನ್ನಾಗಿ ಬರುತ್ತವೆ, ಧೈರ್ಯವೂ ಬೆಳೆಯುತ್ತದೆ. ಆದರೆ ಇದೇ ನೆಲದಲ್ಲಿ ಮುಳ್ಳು, ಚೇಳು, ಹಾವು, ಕಡು ಬಿಸಿಲು ಮತ್ತು ಆಳವಾದ ನೀರು ಇವೆಯೆಂಬುದನ್ನು ಮರೆಯಲಾಗದು. ಆದುದರಿಂದ ಉಡುಗೊರೆಯನ್ನು ಅಂಗಡಿಯಲ್ಲಿ ಕಾಣುವ ಬಣ್ಣದಿಂದಲೂ ಬೆಲೆಯಿಂದಲೂ ಆರಿಸದೆ, ಮಗುವಿನ ದೇಹದ ಅಳತೆಗೂ ಅದು ನಡೆದಾಡುವ ನೆಲಕ್ಕೂ ತಕ್ಕಂತೆ ಆರಿಸತಕ್ಕದ್ದು. ಈ ಪಾಠದ ತಿರುಳು ಇಷ್ಟೆ.

1. ಮೊದಲು ಕಾಲಿಗೆ

ಸಾಹಸದ ವಸ್ತುಗಳಲ್ಲಿ ಮೊದಲ ಸ್ಥಾನ ಒಳ್ಳೆಯ ಬೂಟಿಗೆ ಸಲ್ಲಬೇಕು. ಬರಿಗಾಲಿನಲ್ಲಿ ಓಡಾಡುವ ಮಗುವಿಗೆ ಮುಳ್ಳು, ಗಾಜು ಚುಚ್ಚುವುದಲ್ಲದೆ, ಮಲದಿಂದ ಕೆಟ್ಟ ಮಣ್ಣಿನಲ್ಲಿರುವ ಕೊಕ್ಕೆಹುಳುವಿನ ಮರಿಗಳು ಅಂಗಾಲಿನ ಚರ್ಮವನ್ನು ಭೇದಿಸಿ ಒಳಸೇರುತ್ತವೆ. ಅವು ಕರುಳಿನಲ್ಲಿ ನೆಲೆಸಿ ರಕ್ತ ಹೀರುವುದರಿಂದ ಮಗು ರಕ್ತಹೀನವಾಗುತ್ತದೆ. ಹಾವಿನ ಕಡಿತವೂ ಬಹುಮಟ್ಟಿಗೆ ಪಾದ ಮತ್ತು ಮೊಣಕಾಲ ಕೆಳಗಿನ ಭಾಗಕ್ಕೇ ಆಗುತ್ತದೆ.

ಬೆಳೆಯುವ ಕಾಲೆಂದು ಎರಡು ಅಳತೆ ದೊಡ್ಡದಾದ ಬೂಟು ಕೊಡಿಸುವುದು ನಮ್ಮಲ್ಲಿ ರೂಢಿ. ಇದು ಉಳಿತಾಯವಲ್ಲ. ಸಡಿಲವಾದ ಬೂಟಿನಲ್ಲಿ ಕಾಲು ಜಾರಿ ಬಂಡೆಯ ಮೇಲೆ ಮಗು ಮುಗ್ಗರಿಸುತ್ತದೆ, ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ. ಮಗುವನ್ನು ಸಂಜೆಯ ಹೊತ್ತು ಕಾಗದದ ಮೇಲೆ ನಿಲ್ಲಿಸಿ ಎರಡೂ ಪಾದಗಳ ಸುತ್ತ ಗೆರೆ ಎಳೆಯಿರಿ. ದಿನವಿಡೀ ಓಡಾಡಿದ ಪಾದ ಸಂಜೆಗೆ ಸ್ವಲ್ಪ ಹಿಗ್ಗಿರುತ್ತದೆ. ದೊಡ್ಡದಾಗಿ ಕಂಡ ಪಾದದ ಅಳತೆಯನ್ನೇ ಅಂಗಡಿಗೆ ಒಯ್ಯಿರಿ. ಬೂಟು ತೊಟ್ಟು ನಿಂತಾಗ ಉದ್ದನೆಯ ಬೆರಳಿನ ಮುಂದೆ ಸುಮಾರು 1 ಸೆಂಟಿಮೀಟರ್ ಸ್ಥಳ ಉಳಿದರೆ ಸಾಕು. ಅಡಿಭಾಗ ಗೀರುಗಳಿಂದ ಕೂಡಿದ ರಬ್ಬರಿನದಾಗಿದ್ದು, ಬೆರಳುಗಳು ಪೂರ್ತಿ ಮುಚ್ಚಿರಬೇಕು. ಮೂರು ನಾಲ್ಕು ತಿಂಗಳಿಗೊಮ್ಮೆ ಅಳತೆಯನ್ನು ಮತ್ತೆ ನೋಡಬೇಕು. ಅಂಗಳದಲ್ಲಿ ಬಿಟ್ಟ ಬೂಟಿನೊಳಗೆ ಚೇಳು ಸೇರಿರಬಹುದು. ಆದುದರಿಂದ ಪ್ರತಿ ಸಲವೂ ಬೂಟನ್ನು ತಲೆಕೆಳಗು ಮಾಡಿ ಕೊಡವಿದ ಮೇಲೆಯೇ ತೊಡಬೇಕೆಂಬ ಅಭ್ಯಾಸವನ್ನು ಉಡುಗೊರೆಯೊಂದಿಗೇ ಕಲಿಸಿರಿ.

2. ತಲೆಗೆ ನೆರಳು, ಬಾಯಿಗೆ ನೀರು

ನಮ್ಮದು ಮಳೆ ಕಡಿಮೆಯಾದ, ಬಂಡೆಗಳು ಕಾಯುವ ಸೀಮೆ. ಚಿಕ್ಕ ಮಗುವಿನ ದೇಹ ದೊಡ್ಡವರಿಗಿಂತ ಬೇಗ ಬಿಸಿಯಾಗುತ್ತದೆ. ಆಟದ ಭರದಲ್ಲಿ ಅದಕ್ಕೆ ಬಾಯಾರಿಕೆಯ ಅರಿವೂ ಇರುವುದಿಲ್ಲ. ಕಿವಿ ಮತ್ತು ಕುತ್ತಿಗೆಯ ಮೇಲೂ ನೆರಳು ಬೀಳುವಂತಹ ಅಗಲ ಅಂಚಿನ ಹತ್ತಿಬಟ್ಟೆಯ ಟೊಪ್ಪಿಗೆ ಉತ್ತಮ. ಬೇಸಗೆಯಲ್ಲಿ ಬೆಳಿಗ್ಗೆ 11ರಿಂದ ಮಧ್ಯಾಹ್ನ 3 ಗಂಟೆಯವರೆಗೆ ಮಗುವನ್ನು ಬೆಟ್ಟಕ್ಕೆ ಕರೆದೊಯ್ಯಬಾರದು.

ಅರ್ಧ ಲೀಟರು ಹಿಡಿಯುವ ಸ್ಟೀಲ್ ಬಾಟಲಿ ಒಳ್ಳೆಯ ಉಡುಗೊರೆ. ಅಗಲ ಬಾಯಿಯದಾದರೆ ಒಳಗೆ ತೊಳೆಯಲು ಸುಲಭ. ಕೀಟನಾಶಕ ಔಷಧ ತುಂಬಿದ್ದ ಡಬ್ಬಿ, ಬಾಟಲಿಗಳನ್ನು ಎಷ್ಟು ತೊಳೆದರೂ ನೀರಿಗೆ ಬಳಸಕೂಡದು, ಇದರಿಂದ ಪ್ರಾಣಾಪಾಯವಿದೆ. ನಮ್ಮ ಜಿಲ್ಲೆಯ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿದೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ಆದುದರಿಂದ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಮನೆಯಿಂದ ತುಂಬಿಕೊಂಡು ಹೋಗುವುದು ಲೇಸು. ಮಗು ಕೇಳಲೆಂದು ಕಾಯದೆ, 20 ನಿಮಿಷಕ್ಕೊಮ್ಮೆ ಕೆಲವು ಗುಟುಕು ಕುಡಿಸಿರಿ. ಮಗು ಮಂಕಾಗಿ, ಮೈ ಕೆಂಡದಂತೆ ಸುಟ್ಟು, ವಾಂತಿ ಮಾಡಿಕೊಂಡರೆ ಕೂಡಲೆ ನೆರಳಿಗೆ ತಂದು, ಒದ್ದೆ ಬಟ್ಟೆಯಿಂದ ಮೈಯೊರೆಸಿ ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯಬೇಕು.

3. ಚೀಲ, ಟಾರ್ಚು, ಸಿಳ್ಳೆ

ಹೆಗಲುಚೀಲವನ್ನು ತುಂಬಿದ ಮೇಲೆ ಅದರ ತೂಕ ಮಗುವಿನ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದು. 6 ವರ್ಷದ ಮಗುವಿನ ತೂಕ ಸುಮಾರು 20 ಕಿಲೋ. ಎಂದರೆ ಚೀಲ 2 ಕಿಲೋ ದಾಟಕೂಡದು. ನೀರು ತುಂಬಿದ ಬಾಟಲಿಯೊಂದೇ ಮುಕ್ಕಾಲು ಕಿಲೋ ತೂಗುವುದರಿಂದ, ಉಳಿದ ಭಾರ ಹಿರಿಯರ ಹೆಗಲಿಗೆ ಬರಲಿ. ಪಟ್ಟಿಗಳು ಅಗಲವಾಗಿದ್ದು, ಚೀಲ ಬೆನ್ನಿಗೆ ಅಂಟಿಕೊಂಡಿರಬೇಕು. ಸೊಂಟದ ಕೆಳಗೆ ಜೋತುಬೀಳಬಾರದು.

ಟಾರ್ಚು ಮಗುವಿಗೆ ಅತಿ ಪ್ರಿಯವಾದ ವಸ್ತು. ಮುಸ್ಸಂಜೆಯ ದಾರಿಯಲ್ಲಿ ಹಾವು ಚೇಳುಗಳಿಂದ ಕಾಪಾಡುವ ವಸ್ತುವೂ ಹೌದು. ಆದರೆ ಜಾತ್ರೆಯಲ್ಲಿ ಸಿಗುವ ಅಗ್ಗದ ಟಾರ್ಚು, ಮಿನುಗುವ ಆಟಿಕೆಗಳಲ್ಲಿ ಅಂಗಿಯ ಗುಂಡಿಯಂತಹ ಚಿಕ್ಕ ಸೆಲ್ಲುಗಳಿರುತ್ತವೆ. ಮಗು ಇದನ್ನು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು, ಎರಡು ಗಂಟೆಯೊಳಗೇ ಆ ಭಾಗವನ್ನು ಆಳವಾಗಿ ಸುಡಬಲ್ಲದು. ನುಂಗಿದ ಸಂದೇಹ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತಕ್ಷಣವೇ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ಸೆಲ್ಲಿನ ಮುಚ್ಚಳವನ್ನು ತಿರುಪುಮೊಳೆಯಿಂದ ಬಿಗಿದಿರುವ ಟಾರ್ಚನ್ನೇ ಕೊಳ್ಳಿರಿ.

ಗುಂಪಿನಿಂದ ಅಗಲಿದ ಮಗುವನ್ನು ಹುಡುಕಲು ಸಿಳ್ಳೆಯಷ್ಟು ಉಪಕಾರಿ ವಸ್ತು ಬೇರಿಲ್ಲ. ಮೂರು ಬಾರಿ ಊದಿದರೆ 'ನಾನು ಇಲ್ಲಿದ್ದೇನೆ, ಬನ್ನಿ' ಎಂಬ ಸಂಕೇತವನ್ನು ಮನೆಯವರೆಲ್ಲ ಗೊತ್ತುಮಾಡಿಕೊಳ್ಳಿರಿ. ಅದರ ದಾರವನ್ನು ಕುತ್ತಿಗೆಗೆ ಹಾಕಬಾರದು. ಕೊಂಬೆಗೆ ಸಿಕ್ಕಿದರೆ ಉರುಲಾಗುತ್ತದೆ. ಚೀಲದ ಪಟ್ಟಿಗೆ ಕಟ್ಟಿರಿ. ಭೂತಗನ್ನಡಿ ಕೊಡಿಸುವವರು ಅದರ ಮೂಲಕ ಸೂರ್ಯನನ್ನು ನೋಡಿದರೆ ಕಣ್ಣು ಹೋಗುವುದೆಂದೂ, ಬಿಸಿಲು ಹಾಯಿಸಿದರೆ ಒಣಹುಲ್ಲಿಗೆ ಬೆಂಕಿ ಹತ್ತುವುದೆಂದೂ ತಿಳಿಸಿ ಹೇಳಬೇಕು.

ಮಕ್ಕಳ ಆಟಿಕೆಗಳ ಮೇಲೆ ಐ.ಎಸ್.ಐ. ಗುರುತು ಇರಬೇಕೆಂಬ ಕೇಂದ್ರ ಸರಕಾರದ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಕೊಳ್ಳುವಾಗ ಆ ಗುರುತನ್ನು ನೋಡಿರಿ.

4. ನೀರಿನ ಬಳಿ ಹೆಚ್ಚಿನ ಎಚ್ಚರ

1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು 1933ರ ತರುವಾಯ 2022ರಲ್ಲಿ ಮತ್ತೆ ಕೋಡಿ ಹರಿಯಿತು. ವರುಷಗಟ್ಟಲೆ ಬತ್ತಿದ ಕೆರೆಯಂಗಳವನ್ನೇ ಕಂಡು ಬೆಳೆದ ಮಗುವಿಗೆ ತುಂಬಿದ ನೀರಿನ ಆಳದ ಅರಿವು ಇರುವುದಿಲ್ಲ. ಹೊಲಗಳಲ್ಲಿ ತೋಡಿದ ಕೃಷಿಹೊಂಡಗಳು ಇನ್ನೂ ಹತ್ತಿರದ ಅಪಾಯ. ಪ್ಲಾಸ್ಟಿಕ್ ಹಾಳೆ ಹಾಸಿದ ಅವುಗಳ ಇಳಿಜಾರಿನಲ್ಲಿ ಜಾರಿಬಿದ್ದವರು ಹಿಡಿತ ಸಿಗದೆ ಮೇಲೇರಲಾರರು. ಹೊಂಡಕ್ಕೆ ಸುತ್ತಲೂ ಬೇಲಿ ಹಾಕಿಸುವುದೇ ಮಗುವಿಗೆ ಕೊಡುವ ದೊಡ್ಡ ಉಡುಗೊರೆ.

ಗಾಳಿ ತುಂಬಿದ ಟ್ಯೂಬು, ಬಣ್ಣದ ಬಾತುಕೋಳಿಯ ಬಳೆ ಇವೆಲ್ಲ ಆಟದ ಸಾಮಾನುಗಳೇ ಹೊರತು ಪ್ರಾಣರಕ್ಷಕಗಳಲ್ಲ. ದೋಣಿ, ತೆಪ್ಪ ಹತ್ತುವ ಮಗುವಿಗೆ ಅದರ ತೂಕಕ್ಕೆ ತಕ್ಕ ಜೀವರಕ್ಷಕ ಜಾಕೀಟು ಬೇಕು. ಜಾಕೀಟು ತೊಡಿಸಿ ಪಟ್ಟಿಗಳನ್ನು ಬಿಗಿದ ಮೇಲೆ ಅದರ ಹೆಗಲ ಭಾಗವನ್ನು ಹಿಡಿದು ಮೇಲಕ್ಕೆತ್ತಿ ನೋಡಿರಿ. ಗಲ್ಲ, ಕಿವಿಗಳು ಜಾಕೀಟಿನೊಳಗೆ ಇಳಿದರೆ ಅದು ಅಳತೆಗಿಂತ ದೊಡ್ಡದೆಂದು ತಿಳಿಯತಕ್ಕದ್ದು. 6 ವರ್ಷ ದಾಟಿದ ಮಗುವಿಗೆ ಬಲ್ಲವರಿಂದ ಈಜು ಕಲಿಸುವುದು ಯಾವ ವಸ್ತುವಿಗಿಂತಲೂ ಮೇಲು. ಈಜು ಬಂದ ಮಗುವನ್ನೂ ನೀರಿನ ಬಳಿ ಒಂಟಿಯಾಗಿ ಬಿಡಬಾರದು.

5. ಕೊಡಬಾರದ ವಸ್ತುಗಳು

ಕೋತಿರಾಜ್ ಎಂದು ಹೆಸರಾದ ಜ್ಯೋತಿರಾಜ್ ಅವರು ಚಿತ್ರದುರ್ಗದ ಕೋಟೆಗೋಡೆಯನ್ನು ಬರಿಗೈಯಲ್ಲಿ ಏರುವುದನ್ನು ಕಂಡ ಮಗುವಿಗೆ ತಾನೂ ಏರುವ ಆಸೆ ಹುಟ್ಟುವುದು ಸಹಜ. ಅದು ಬಹುಕಾಲದ ಅಭ್ಯಾಸದ ಫಲವೆಂದು ತಿಳಿಸಬೇಕು. ಮನೆಯ ಹಗ್ಗವನ್ನಾಗಲಿ, ಆಟಿಕೆಯ ಹಗ್ಗವನ್ನಾಗಲಿ ಬಂಡೆ ಏರಲು ಕೊಡಕೂಡದು. ಅದು ಮಗುವಿನ ಭಾರವನ್ನು ತಡೆಯಲಾರದು, ಕುತ್ತಿಗೆಗೆ ಸುತ್ತಿಕೊಳ್ಳುವ ಭಯವೂ ಇದೆ. ಚಾಕು, ಕವಣೆ, ಲೇಸರ್ ದೀಪಗಳೂ ಎಳೆಯ ಮಕ್ಕಳಿಗೆ ತಕ್ಕವಲ್ಲ. ಬಂಡೆ ಏರುವ ಹಂಬಲವುಳ್ಳ ಮಗು ದೊಡ್ಡದಾದ ಮೇಲೆ ತರಬೇತಾದ ಶಿಕ್ಷಕರ ಬಳಿ ಕಲಿಯಲಿ.

ಮತ್ತೊಂದು ಮಾತು. ಬೆಟ್ಟಕ್ಕಿಂತ ಬೆಟ್ಟದ ದಾರಿಯೇ ಅನೇಕ ವೇಳೆ ಹೆಚ್ಚು ಅಪಾಯಕಾರಿ. ದ್ವಿಚಕ್ರ ವಾಹನದಲ್ಲಿ ಕರೆದೊಯ್ಯುವ ಮಗುವಿಗೆ ಅದರ ತಲೆಗೆ ಸರಿಹೊಂದುವ ಹೆಲ್ಮೆಟ್ ಬೇಕು. 4 ವರ್ಷದೊಳಗಿನ ಮಗುವನ್ನು ಸವಾರನಿಗೆ ಬಂಧಿಸುವ ಸುರಕ್ಷಾ ಪಟ್ಟಿಯೂ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದೆಂದು 2022ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿದೆ.

6. ಮಗಳಿಗೂ ಅದೇ ಉಡುಗೊರೆ

ಹೊಸದುರ್ಗ ತಾಲ್ಲೂಕಿನ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. 7 ವರ್ಷದ ಮಗಳು, 4 ವರ್ಷದ ಮಗ. ಕೋಟೆ ನೋಡಲು ಹೋಗುವ ಮುನ್ನ ತಂದೆ ಮಗನಿಗೆಂದು ದೊಡ್ಡ ಚೀಲ, ಹೊಳೆಯುವ ಕನ್ನಡಕ, ದುರ್ಬೀನುಗಳನ್ನೂ, ಮಗಳಿಗೆಂದು ಬಳೆ, ರಿಬ್ಬನ್ನುಗಳನ್ನೂ ಕೊಳ್ಳಬೇಕೆಂದಿದ್ದಾನೆ. ತಾಯಿ ಹೇಳುತ್ತಾಳೆ: 'ಇಬ್ಬರೂ ಒಂದೇ ಮೆಟ್ಟಿಲು ಹತ್ತುವವರಲ್ಲವೇ? ಮಗಳ ಕಾಲಿಗೆ ಮುಳ್ಳು ಚುಚ್ಚುವುದಿಲ್ಲವೇ?' ಅದೇ ಹಣದಲ್ಲಿ ಅವರು ಇಬ್ಬರಿಗೂ ಅಳತೆಯ ಬೂಟು, ಟೊಪ್ಪಿಗೆ, ಸಿಳ್ಳೆಗಳನ್ನು ಕೊಂಡರೆ, ಅದು ಜಾಣತನದ ಖರೀದಿ. ಒನಕೆ ಓಬವ್ವನ ಕಿಂಡಿಯನ್ನು ನೋಡಲು ಮಗಳನ್ನು ಕರೆದೊಯ್ಯುವ ನಾವು, ಅವಳ ಕಾಲಿಗೆ ಬೂಟು ಕೊಡಿಸಲು ಹಿಂಜರಿಯುವುದು ಸರಿಯಲ್ಲ. ಓಡಿ ಹತ್ತಿ ಬೆಳೆದ ಹೆಣ್ಣುಮಗು ಮುಂದೆ ದೃಢಕಾಯಳಾದ ತಾಯಿಯಾಗುತ್ತಾಳೆ.

7. ಹೊರಡುವ ಮುನ್ನ

16ರಿಂದ 24 ತಿಂಗಳಿನಲ್ಲಿಯೂ, ಪುನಃ 5ರಿಂದ 6 ವರ್ಷದಲ್ಲಿಯೂ ಕೊಡುವ ಡಿ.ಪಿ.ಟಿ. ವರ್ಧಕ ಚುಚ್ಚುಮದ್ದು ಮಗುವಿಗೆ ಆಗಿದೆಯೇ ಎಂದು ತಾಯಿ ಕಾರ್ಡಿನಲ್ಲಿ ನೋಡಿರಿ. ಗಾಯದಿಂದ ಬರುವ ಧನುರ್ವಾಯುವನ್ನು ತಡೆಯುವ ಈ ಲಸಿಕೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಅಕಸ್ಮಾತ್ ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು, ಮಂತ್ರ ಹಾಕಿಸುವುದು ಇವಾವುದನ್ನೂ ಮಾಡಬಾರದು. ಮಗುವನ್ನು ನಡೆಸದೆ, ಕಚ್ಚಿದ ಅಂಗ ಅಲುಗಾಡದಂತೆ ಹಿಡಿದು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು.

ಪಾಠದ ಸಾರ

ಕಾಲಿಗೆ ಬೂಟು, ತಲೆಗೆ ಟೊಪ್ಪಿಗೆ, ಕೈಗೆ ನೀರು: ಈ ಮೂರು ಆದ ಮೇಲೆ ಉಳಿದುದು. ಅಳತೆ ನೋಡದೆ ಏನನ್ನೂ ಕೊಳ್ಳಬಾರದು. ಮಗ ಮಗಳೆಂಬ ಭೇದ ಸಲ್ಲದು. ಕೊಡಿಸಿದ ವಸ್ತು ಎಷ್ಟೇ ಒಳ್ಳೆಯದಾದರೂ ಜೊತೆಯಲ್ಲಿ ನಡೆಯುವ ಹಿರಿಯರ ಕಣ್ಣಿಗೆ ಅದು ಸಾಟಿಯಾಗದು. ಉಡುಗೊರೆ ಕೊಟ್ಟ ದಂಪತಿಗಳು ಒಂದು ಮುಂಜಾನೆಯನ್ನೂ ಮಗುವಿಗಾಗಿ ಮೀಸಲಿಟ್ಟು ಜೊತೆಯಲ್ಲಿ ಬೆಟ್ಟ ಹತ್ತಿದರೆ, ಆಗ ಆ ಉಡುಗೊರೆ ಸಾರ್ಥಕ.

ಗಂಡಹೆಂಡಿರು ಕೂಡಿ ಆಲೋಚಿಸಬೇಕಾದ ಪ್ರಶ್ನೆಗಳು

1. ನಿಮ್ಮ ಮಗುವಿನ ಪಾದವನ್ನು ಕಡೆಯ ಬಾರಿ ಅಳೆದುದು ಯಾವಾಗ?
2. ಮನೆಯಲ್ಲಿರುವ ಆಟಿಕೆಗಳಲ್ಲಿ ಗುಂಡಿಯಾಕಾರದ ಸೆಲ್ಲು ಇರುವುವು ಯಾವುವು?
3. ನಿಮ್ಮ ಹೊಲದ ಅಥವಾ ನೆರೆಹೊಲದ ಕೃಷಿಹೊಂಡಕ್ಕೆ ಬೇಲಿ ಇದೆಯೇ?
4. ಕಳೆದ ಜಾತ್ರೆಯಲ್ಲಿ ಮಗನಿಗೆ ಏನು ಕೊಡಿಸಿದಿರಿ? ಮಗಳಿಗೆ ಏನು ಕೊಡಿಸಿದಿರಿ?