ಕೋಲ್ಡ್ ಸ್ಟೋರೇಜಿಗೆ ಮಾಲು ಹಾಕುವ ಮುನ್ನ

ಬ್ಯಾಡಗಿಯ ವ್ಯಾಪಾರಸ್ಥರೇ, ಡಬ್ಬಿ, ಕಡ್ಡಿ ಮೆಣಸಿನಕಾಯಿ ಕೊಂಡು ಕೋಲ್ಡ್ ಸ್ಟೋರೇಜಿಗೆ ಹಾಕುವ ದಿನವೇ ಕೀರ್ದಿ ಪುಸ್ತಕದ ಅಂಚಿನಲ್ಲಿ ಎರಡು ಸಾಲು ಬರೆದಿಡಿ: ಯಾಕೆ ಕೊಂಡೆ, ಯಾವ ದರಕ್ಕೆ ಇಳಿದರೆ ಮಾರಿಬಿಡುತ್ತೇನೆ. ದರ ಏರಿದ ಮೇಲೆ ಎಲ್ಲರೂ ಜಾಣರೇ. ಲಾಭ ಬಂದ ಮಾತ್ರಕ್ಕೆ ತೀರ್ಮಾನ ಸರಿಯಿತ್ತು ಎನ್ನಲಾಗದು. ಆ ಎರಡು ಸಾಲು ತೆರೆದು ನೋಡಿದರೆ ತಿಳಿಯುತ್ತದೆ. ರಾಣೆಬೆನ್ನೂರಿನ ಬೀಜದ ವ್ಯಾಪಾರಕ್ಕೂ, ಹಾವೇರಿಯ ಏಲಕ್ಕಿ ಹಾರದವರಿಗೂ ಇದೇ ಮಾತು.

ಇನ್ನೊಂದು. ಮಾಲು ಕೊಳ್ಳುವ ಬಗ್ಗೆ ಮಾಲೀಕರು ಮೊದಲು ಬಾಯಿಬಿಟ್ಟರೆ ಗುಮಾಸ್ತರು ಹೂಂ ಅಂತಾರೆ, ಅಷ್ಟೇ. ಅವರನ್ನೇ ಮೊದಲು ಕೇಳಿ. ಹಮಾಲರನ್ನೂ ಕೇಳಿ, ಚೀಲ ಎತ್ತುವವರು ಅವರು.

2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ದರ ಕುಸಿದಾಗ ರೈತರ ಸಿಟ್ಟು ಎಪಿಎಂಸಿ ಕಚೇರಿಗೇ ಬೆಂಕಿಯಾಗಿ ತಲುಪಿತು. ದರಪಟ್ಟಿ ಮಾತ್ರ ಓದುವವರಿಗೆ ಅಂಥದ್ದು ಮೊದಲೇ ಕಾಣುವುದಿಲ್ಲ. ಟೆಂಡರ್ ಹಾಕುವ ಮುಂಚೆ ರಾಶಿಯ ಪಕ್ಕ ನಿಂತವರನ್ನೂ ಮಾತಾಡಿಸಿ.