ಹಗುರ ಓದು, ಹಳೆಯ ಕಾಲ ಮತ್ತು ನಮ್ಮ ವಿಶ್ವಾಸ



“ಸ್ವಾಮಿ, ಕಥೆ ಪುಸ್ತಕ ಓದುವುದು ತಪ್ಪೇ?” ಈ ಪ್ರಶ್ನೆ ಕೇಳುವವರು ಬಹುಮಟ್ಟಿಗೆ ಮನೆಯ ತಾಯಂದಿರು, ಇಲ್ಲವೇ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು. ಕೇಳುವಾಗ ದನಿ ಸ್ವಲ್ಪ ತಗ್ಗಿರುತ್ತದೆ. ಅವರ ಮನಸ್ಸಿನಲ್ಲಿರುವುದು ಸಂತರ ಚರಿತ್ರೆಯಲ್ಲ. ಹಳೆಯ ಕಾಲದ ಮಠವೊಂದರಲ್ಲಿ ನಡೆದ ಕೊಲೆ ಮತ್ತು ಅದರ ಗುಟ್ಟು ಬಿಡಿಸುವ ಜಾಣ. ಅಥವಾ ಸಾರೋಟು, ನೃತ್ಯಕೂಟ, ಒಂದಿಷ್ಟು ಮನಸ್ತಾಪ, ಕೊನೆಗೆ ಮದುವೆ. ಇಂಥ ಇಂಗ್ಲಿಷ್ ಕಾದಂಬರಿಗಳು ನಮ್ಮ ಎಷ್ಟೋ ಮನೆಗಳಲ್ಲಿವೆ. ಕನ್ನಡದಲ್ಲಿ ಐತಿಹಾಸಿಕ ಕಾದಂಬರಿಗಳಿಗೆ ಕೊರತೆಯಿಲ್ಲ. ಆದರೆ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವಾಗಲಿ, ತ.ರಾ.ಸು. ಅವರ ‘ದುರ್ಗಾಸ್ತಮಾನ’ವಾಗಲಿ ರಾಜ್ಯವೊಂದು ಅಳಿದುಹೋದ ಭಾರವನ್ನು ಓದುಗನ ಎದೆಯ ಮೇಲೆ ಇಟ್ಟು ಹೋಗುವಂಥವು. ಕೆಲಸ ಮುಗಿಸಿ, ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು, ಮನಸ್ಸು ಹಗುರ ಮಾಡಿಕೊಳ್ಳಲು ಓದುವ ಬಗೆ ಬೇರೆ. ನಾನು ಹೇಳಹೊರಟಿರುವುದು ಆ ಬಗೆಯನ್ನು ಕುರಿತು.

ಓದುವುದು ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಪ್ರಶ್ನೆ ಅಷ್ಟಕ್ಕೇ ಮುಗಿಯುವುದಿಲ್ಲ.

ಅವಿಲಾದ ಸಂತ ತೆರೇಸಾ (1515–1582) ತಮ್ಮ ಆತ್ಮಕಥೆಯ ಎರಡನೆಯ ಅಧ್ಯಾಯದಲ್ಲಿ ಇದೇ ವಿಷಯವನ್ನು ಪ್ರಸ್ತಾಪಿಸಿದ್ದಾರೆ. ಅಂದಿನ ಸ್ಪೇನಿನಲ್ಲಿ ಹಿಂದಿನ ಕಾಲದ ವೀರಯೋಧರ ಸಾಹಸ ಮತ್ತು ಪ್ರೇಮದ ಕಟ್ಟುಕಥೆಗಳ ಹುಚ್ಚು ಎಲ್ಲೆಡೆ ಹಬ್ಬಿತ್ತು. ತೆರೇಸಾರ ತಾಯಿ ಬೆಯಾತ್ರಿಸ್ ಅವರಿಗೆ ಆ ಪುಸ್ತಕಗಳೆಂದರೆ ಪ್ರೀತಿ. ಕಷ್ಟದ ಬಾಳು ಅವರದು. ಕಷ್ಟ ಮರೆಯಲು ಓದುತ್ತಿದ್ದರು. ಮಕ್ಕಳು ಬೇರೆ ದಾರಿ ಹಿಡಿಯದಿರಲಿ ಎಂದು ಅವರಿಗೂ ಓದಲು ಬಿಡುತ್ತಿದ್ದರು. ತಂದೆಗೆ ಅದು ಹಿಡಿಸುತ್ತಿರಲಿಲ್ಲ. ಆದ್ದರಿಂದ ತಾಯಿ ಮಕ್ಕಳು ಅವರ ಕಣ್ಣಿಗೆ ಬೀಳದಂತೆ ಓದುತ್ತಿದ್ದರು. ಹೊಸ ಪುಸ್ತಕ ಕೈಯಲ್ಲಿಲ್ಲದಿದ್ದರೆ ತೆರೇಸಾರಿಗೆ ಸಮಾಧಾನವೇ ಇರುತ್ತಿರಲಿಲ್ಲವಂತೆ. ಹಗಲಿರುಳೆನ್ನದೆ ಗಂಟೆಗಟ್ಟಲೆ ಕಳೆದೆ, ಭಕ್ತಿ ಆರಿಹೋಯಿತು ಎಂದು ಅವರು ಮುಂದೆ ಕೊರಗಿದರು. ಇಷ್ಟನ್ನು ಮಾತ್ರ ಓದಿದವರು, “ನೋಡಿ, ಸಂತರೇ ಬೇಡವೆಂದಿದ್ದಾರೆ” ಎನ್ನುತ್ತಾರೆ. ಆದರೆ ಅದೇ ಪುಟದಲ್ಲಿ ತಾಯಿಯ ಬಗ್ಗೆ ಇನ್ನೊಂದು ಮಾತಿದೆ: ಈ ಓದು ನನಗೆ ಮಾಡಿದ ಕೆಡುಕನ್ನು ಅಮ್ಮನಿಗೆ ಮಾಡಲಿಲ್ಲ, ಏಕೆಂದರೆ ಅವರು ತಮ್ಮ ಕೆಲಸ ಬಿಡುತ್ತಿರಲಿಲ್ಲ ಎಂದು. ಪುಸ್ತಕ ಒಂದೇ, ಮನೆಯೂ ಒಂದೇ. ಒಬ್ಬರಿಗೆ ಅದು ವಿಶ್ರಾಂತಿ, ಇನ್ನೊಬ್ಬರಿಗೆ ಹೊರೆ.

ವಿಶ್ರಾಂತಿ ಎಂಬುದನ್ನು ಧರ್ಮಸಭೆ ಎಂದೂ ಹೀನವಾಗಿ ಕಂಡಿಲ್ಲ. ಸಂತ ತೋಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ, ಆಟ ವಿನೋದಗಳಲ್ಲಿಯೂ ಒಂದು ಸದ್ಗುಣವಿದೆಯೇ ಎಂದು ಕೇಳಿ, ಇದೆ ಎಂದು ಉತ್ತರಿಸುತ್ತಾರೆ. ಅಲ್ಲಿ ಅವರು ಒಂದು ಹಳೆಯ ಕಥೆಯನ್ನು ನೆನೆಯುತ್ತಾರೆ. ಶುಭಸಂದೇಶಕರ್ತ ಸಂತ ಯೊವಾನ್ನರು ಶಿಷ್ಯರೊಂದಿಗೆ ಆಡುತ್ತಿದ್ದುದನ್ನು ಕಂಡು ಕೆಲವರು ಬೇಸರಪಟ್ಟರು. ಅವರಲ್ಲಿ ಬಿಲ್ಲು ಹಿಡಿದಿದ್ದ ಒಬ್ಬನಿಗೆ ಯೊವಾನ್ನರು ಬಾಣ ಬಿಡಲು ಹೇಳಿದರು. ಹಲವು ಬಾರಿ ಬಿಟ್ಟ ಮೇಲೆ, “ಹೀಗೇ ಬಿಡುವಿಲ್ಲದೆ ಮಾಡಬಲ್ಲೆಯಾ?” ಎಂದು ಕೇಳಿದಾಗ ಆತ, “ಬಿಲ್ಲು ಮುರಿದೀತು” ಎಂದ. ಮನಸ್ಸೂ ಹಾಗೆಯೇ ಎಂದರು ಯೊವಾನ್ನರು. ಅಕ್ವಿನಾಸರು ಅಲ್ಲಿಗೆ ನಿಲ್ಲುವುದಿಲ್ಲ. ತಾನೂ ನಗದೆ, ನಗುವವರನ್ನೂ ತಡೆದು, ಇತರರಿಗೆ ಹೊರೆಯಾಗುವವನದೂ ದೋಷವೇ ಎಂದು ಬರೆಯುತ್ತಾರೆ. (ನಮ್ಮ ಧರ್ಮಕೇಂದ್ರಗಳಲ್ಲಿ ಈ ಕೊನೆಯ ಮಾತನ್ನು ಓದಿಸಬೇಕಾದವರು ಒಬ್ಬಿಬ್ಬರಾದರೂ ಸಿಕ್ಕಾರು.)

ಈಗ ಪುಸ್ತಕಗಳಿಗೆ ಬರೋಣ. ಕೊಲೆಯ ಕಥೆಗಳಲ್ಲಿ ಕಥೋಲಿಕ ಓದುಗರಿಗೆ ತೀರ ಹತ್ತಿರವಾದವು ಬ್ರದರ್ ಕ್ಯಾಡ್‌ಫೇಲ್‌ನ ಕಥೆಗಳು. ‘ಎಲಿಸ್ ಪೀಟರ್ಸ್’ ಎಂಬ ಹೆಸರಿನಲ್ಲಿ ಇವನ್ನು ಬರೆದವರು ಇಂಗ್ಲೆಂಡಿನ ಎಡಿತ್ ಪಾರ್ಜೆಟರ್ (1913–1995) ಎಂಬ ಮಹಿಳೆ. 1977ರಿಂದ 1994ರವರೆಗೆ ಇಪ್ಪತ್ತು ಕಾದಂಬರಿಗಳು ಬಂದವು. ಕಾಲ ಹನ್ನೆರಡನೆಯ ಶತಮಾನ. ಸ್ಥಳ ವೇಲ್ಸ್ ಗಡಿಯ ಬಳಿಯಿರುವ ಶ್ರೂಸ್‌ಬರಿ ಪಟ್ಟಣದ ಬೆನೆಡಿಕ್ಟೈನ್ ಮಠ. ಕ್ಯಾಡ್‌ಫೇಲ್ ಹರೆಯದಲ್ಲಿ ಶಿಲುಬೆಯುದ್ಧಕ್ಕೆ ಹೋಗಿ, ಹಡಗಿನಲ್ಲಿ ದುಡಿದು, ನಡುವಯಸ್ಸಿನಲ್ಲಿ ಮಠ ಸೇರಿದವನು. ಮಠದ ಔಷಧಿ ಗಿಡಗಳ ತೋಟ ಅವನ ಪಾಲಿನದು. ಲೇಖಕಿ ತಾವೂ ಔಷಧಿ ಅಂಗಡಿಯಲ್ಲಿ ದುಡಿದವರಾದ್ದರಿಂದ ಕಷಾಯ, ಮುಲಾಮುಗಳ ವಿವರ ಬಾಯಿಪಾಠದಂತೆ ಬರುತ್ತದೆ. ಗಂಟೆ ಬಾರಿಸಿದಾಗ ಪ್ರಾರ್ಥನೆ, ನಡುವೆ ತೋಟದ ಕೆಲಸ, ಅದರ ನಡುವೆ ಒಂದು ಹೆಣ. ಓದಲು ಕುಳಿತರೆ ಎದ್ದೇಳಲು ಮನಸ್ಸಾಗದು.

ಎರಡನೆಯ ಕಾದಂಬರಿ ‘ಒನ್ ಕಾರ್ಪ್ಸ್ ಟೂ ಮೆನಿ’ 1979ರದು. ಅದರ ಹಿನ್ನೆಲೆ ನಿಜವಾಗಿ ನಡೆದದ್ದು. ದೊರೆ ಸ್ಟೀಫನ್ ಮತ್ತು ಅವನ ದಾಯಾದಿ ಮಟಿಲ್ಡಾ ಸಿಂಹಾಸನಕ್ಕಾಗಿ ಬಡಿದಾಡುತ್ತಿದ್ದ ಕಾಲ. 1138ರಲ್ಲಿ ಸ್ಟೀಫನ್ ಶ್ರೂಸ್‌ಬರಿ ಕೋಟೆಯನ್ನು ಗೆದ್ದು, ಸೆರೆಸಿಕ್ಕ ತೊಂಬತ್ತಕ್ಕೂ ಹೆಚ್ಚು ಮಂದಿಯನ್ನು ಗಲ್ಲಿಗೇರಿಸಿದ. ಆ ಸೀಮೆಯಲ್ಲೇ ಹುಟ್ಟಿ ಫ್ರಾನ್ಸಿನ ಮಠದಲ್ಲಿದ್ದ ಓರ್ಡೆರಿಕ್ ಎಂಬ ಸನ್ಯಾಸಿ ಅದನ್ನು ತನ್ನ ಚರಿತ್ರೆಯಲ್ಲಿ ದಾಖಲಿಸಿದ್ದಾನೆ. ಕಾದಂಬರಿಯಲ್ಲಿ ಆ ಲೆಕ್ಕ 94. ಸತ್ತವರಿಗೆ ಕ್ರೈಸ್ತ ಸಮಾಧಿ ಸಿಗಲಿ ಎಂದು ಮಠದವರು ಬೇಡಿಕೊಳ್ಳುತ್ತಾರೆ. ಹೆಣಗಳನ್ನು ಅಣಿಗೊಳಿಸುವ ಹೊಣೆ ಕ್ಯಾಡ್‌ಫೇಲ್‌ನದು. ಅವನು ಎಣಿಸುತ್ತಾನೆ. ಬರುವುದು 95.

ಇಲ್ಲಿ ಸ್ವಲ್ಪ ನಿಲ್ಲೋಣ. ಇನ್ಯಾರೋ ಎಣಿಸಿದ್ದರೆ, ತೊಂಬತ್ತನಾಲ್ಕು ಇದ್ದಲ್ಲಿ ಇನ್ನೊಂದು ಸೇರಿದರೇನು ಎಂದು ಮಣ್ಣು ಮುಚ್ಚಿ ಮನೆಗೆ ಹೋಗುತ್ತಿದ್ದ. ಯುದ್ಧದಲ್ಲಿ ಹೆಣವೊಂದನ್ನು ಬಚ್ಚಿಡಲು ಹೆಣಗಳ ರಾಶಿಗಿಂತ ಒಳ್ಳೆಯ ಜಾಗ ಯಾವುದಿದೆ? ಕೊಲೆಗಾರನ ಲೆಕ್ಕಾಚಾರವೂ ಅದೇ. ಆದರೆ ಸನ್ಯಾಸಿಗೆ ಅದು ರಾಶಿಯಲ್ಲ. ಒಬ್ಬೊಬ್ಬನ ಮುಖ ತೊಳೆದು, ಕೈ ಜೋಡಿಸಿ ಮಲಗಿಸಿದವನು ಅವನು. ಹೆಸರಿಲ್ಲದ ಆ ಒಬ್ಬನಿಗಾಗಿ ದೊರೆಯ ಮುಂದೆಯೇ ನ್ಯಾಯ ಕೇಳುತ್ತಾನೆ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಕಳೆದುಹೋದ ಒಂದನ್ನು ಹುಡುಕುತ್ತಾ ಹೋದ ಕುರುಬನನ್ನು ಬಲ್ಲ ನಮಗೆ ಈ ಲೆಕ್ಕ ಅರ್ಥವಾಗದೆ ಇದ್ದೀತೇ? ಸತ್ತವರನ್ನು ಹೂಳುವುದು ಧರ್ಮೋಪದೇಶದಲ್ಲಿ ನಾವು ಕಲಿತ ದಯಾಕಾರ್ಯಗಳಲ್ಲಿ ಒಂದು. ಅದರೊಳಗೆ ಎಷ್ಟು ಅಡಗಿದೆ ಎಂದು ಒಂದು ಪತ್ತೇದಾರಿ ಕಥೆ ತೋರಿಸಿಕೊಡುತ್ತದೆ.

ಪತ್ತೇದಾರಿ ಕಥೆಯನ್ನು ಧರ್ಮಗುರುಗಳೇ ಬರೆದದ್ದೂ ಉಂಟು. ಇಡೀ ಬೈಬಲನ್ನು ಲ್ಯಾಟಿನ್‌ನಿಂದ ಇಂಗ್ಲಿಷಿಗೆ ತಂದ ಮಾನ್ಸಿಞೊರ್ ರೊನಾಲ್ಡ್ ನಾಕ್ಸ್ ಇಂಥ ಕಾದಂಬರಿಗಳನ್ನು ಬರೆದರು. 1929ರಲ್ಲಿ ಅವುಗಳಿಗೆ ‘ಹತ್ತು ಕಟ್ಟಳೆ’ಗಳನ್ನೂ ತಮಾಷೆಯಾಗಿ ರಚಿಸಿದರು. ಓದುಗನಿಗೆ ಮೋಸ ಮಾಡಬಾರದು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು ಎಂಬುದು ಅವುಗಳ ತಿರುಳು. ನನಗೆ ತೋರುವುದಿಷ್ಟು: ಕೊಲ್ಲುವುದು ತಪ್ಪಲ್ಲ ಎನ್ನುವ ಲೋಕದಲ್ಲಿ ಕೊಲೆಯ ಕಥೆ ಬರೆಯಲು ಬರುವುದಿಲ್ಲ. ಸತ್ಯವೊಂದಿದೆ, ಹುಡುಕಿದರೆ ಸಿಗುತ್ತದೆ ಎಂದು ನಂಬಿದವನೇ ಅದನ್ನು ಬರೆಯಬಲ್ಲ, ಓದಿ ಸವಿಯಬಲ್ಲ.

ಆದರೂ ಒಂದೆರಡು ಎಚ್ಚರಿಕೆ ಬೇಕು. ಕ್ಯಾಡ್‌ಫೇಲ್ ಹನ್ನೆರಡನೆಯ ಶತಮಾನದ ಜುಬ್ಬ ತೊಟ್ಟ ಇಪ್ಪತ್ತನೆಯ ಶತಮಾನದ ಮನುಷ್ಯ. ಯಾರನ್ನು ಕಾನೂನಿಗೆ ಒಪ್ಪಿಸಬೇಕು, ಯಾರನ್ನು ಬಿಟ್ಟುಬಿಡಬೇಕು ಎಂದು ಕೆಲವೊಮ್ಮೆ ತಾನೇ ತೀರ್ಮಾನಿಸುತ್ತಾನೆ. ಮಠಾಧಿಪತಿಗೆ ಎಲ್ಲವನ್ನೂ ಹೇಳುವುದಿಲ್ಲ. ಇನ್ನು ಮೊದಲ ಕಾದಂಬರಿ ‘ಎ ಮಾರ್ಬಿಡ್ ಟೇಸ್ಟ್ ಫಾರ್ ಬೋನ್ಸ್’. ಸಂತ ವಿನಿಫ್ರೆಡ್‌ರ ಅವಶೇಷಗಳನ್ನು ವೇಲ್ಸಿನ ಹಳ್ಳಿಯಿಂದ ಶ್ರೂಸ್‌ಬರಿಗೆ ತಂದ ಕಥೆ ಅದು. 1138ರ ಸುಮಾರಿಗೆ ಅವಶೇಷಗಳನ್ನು ತಂದದ್ದು ನಿಜ. ಅದನ್ನು ತಂದು, ಅದರ ವೃತ್ತಾಂತ ಬರೆದ ಉಪಮಠಾಧಿಪತಿ ರಾಬರ್ಟ್ ಕೂಡ ನಿಜವಾಗಿ ಬದುಕಿದ್ದವರು. ಕಾದಂಬರಿಯಲ್ಲಿ ಮಾತ್ರ ಅವರು ಬಿಂಕದ, ಕೀರ್ತಿಯ ಹಸಿವಿನ ಮನುಷ್ಯ. ನಿಜಕ್ಕೂ ಹಾಗಿದ್ದರೇ? ಸುಳ್ಳುಸಾಕ್ಷಿ ಹೇಳಬೇಡ ಎಂಬ ಕಟ್ಟಳೆ ಸತ್ತವರಿಗೂ ಸಲ್ಲುತ್ತದೆ. ಲೇಖಕಿಯ ಮೇಲೆ ನಾನು ತಪ್ಪು ಹೊರಿಸುತ್ತಿಲ್ಲ, ಕಥೆ ಕಥೆಯೇ. ಆದರೆ ಪುಸ್ತಕ ಮುಚ್ಚಿದ ಮೇಲೆ, “ಆ ಕಾಲದ ಸನ್ಯಾಸಿಗಳು ಹೀಗೇ ಇದ್ದರಂತೆ” ಎಂದು ನಾಲ್ಕು ಜನರ ಮುಂದೆ ನಾವು ಹೇಳಿದರೆ, ಆ ತಪ್ಪು ನಮ್ಮದು.

ಪ್ರೇಮಕಥೆಗಳಲ್ಲಿ ಜಾರ್ಜೆಟ್ ಹೇಯರ್ (1902–1974) ಅವರದು ದೊಡ್ಡ ಹೆಸರು. 1811ರಿಂದ 1820ರವರೆಗೆ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್ ಅಸ್ವಸ್ಥನಾಗಿ, ಮಗ ರಾಜ್ಯಭಾರ ನಡೆಸಿದ ಕಾಲವನ್ನು ಅವರು ತಮ್ಮ ಮನೆಯಂಗಳದಂತೆ ಬಲ್ಲರು. ಅಂಥ ಕಥೆಗಳಲ್ಲಿ ಮೇಲಿಂದ ಮೇಲೆ ಬರುವ ಒಂದು ಊರು ಗ್ರೆಟ್ನಾ ಗ್ರೀನ್. ಹುಡುಗ ಹುಡುಗಿ ರಾತ್ರೋರಾತ್ರಿ ಸಾರೋಟು ಹತ್ತಿ ಅಲ್ಲಿಗೆ ಓಡಿಹೋಗುತ್ತಾರೆ. ಏಕೆ ಅಲ್ಲಿಗೇ? 1753ರ ಇಂಗ್ಲಿಷ್ ಕಾಯಿದೆಯಂತೆ ಮದುವೆ ಆಂಗ್ಲಿಕನ್ ದೇವಾಲಯದಲ್ಲೇ ಆಗಬೇಕು. ಪ್ರಕಟಣೆ ಓದಿಸದೆ ವಿಶೇಷ ಪರವಾನಗಿಯಿಂದ ಮದುವೆಯಾಗುವುದಾದರೆ, ಇಪ್ಪತ್ತೊಂದು ತುಂಬದವರಿಗೆ ತಂದೆಯ ಒಪ್ಪಿಗೆ ಬೇಕೇ ಬೇಕು. ಸ್ಕಾಟ್‌ಲೆಂಡಿಗೆ ಆ ಕಾಯಿದೆ ಅನ್ವಯಿಸುತ್ತಿರಲಿಲ್ಲ. ಗಡಿ ದಾಟಿದೊಡನೆ ಸಿಗುವ ಹಳ್ಳಿ ಗ್ರೆಟ್ನಾ. ಸಾಕ್ಷಿಗಳ ಮುಂದೆ ಒಪ್ಪಿಗೆ ಹೇಳಿದರೆ ಅಲ್ಲಿ ಮದುವೆ ಆದಂತೆ.

ಕಾದಂಬರಿಯಲ್ಲಿ ಇದು ಓಟದ ರೋಮಾಂಚನ. ಅದೇ ಕಾಯಿದೆಯ ಕೆಳಗೆ ಬಾಳಿದ ಇಂಗ್ಲಿಷ್ ಕಥೋಲಿಕರಿಗೆ ಅದು ದಿನನಿತ್ಯದ ಕಿರುಕುಳ. ತಮ್ಮ ಗುರುಗಳ ಮುಂದೆ ಮದುವೆಯಾದರೂ ಕಾನೂನು ಒಪ್ಪುತ್ತಿರಲಿಲ್ಲ. ಆದ್ದರಿಂದ ಆಂಗ್ಲಿಕನ್ ದೇವಾಲಯದಲ್ಲಿ ಇನ್ನೊಮ್ಮೆ ನಿಲ್ಲಬೇಕಿತ್ತು. 1836ರ ಕಾಯಿದೆ ಬರುವ ತನಕ ಹೀಗೇ ನಡೆಯಿತು. ಕಾದಂಬರಿಯ ನೃತ್ಯಶಾಲೆಯಲ್ಲಿ ಈ ಜನ ಕಾಣಿಸುವುದು ಅಪರೂಪ.

ನಮ್ಮ ಧರ್ಮಸಭೆಯೂ ಗುಟ್ಟಿನ ಮದುವೆಗಳನ್ನು ತಡೆಯಲು ನಿಯಮ ಮಾಡಿತು. 1563ರಲ್ಲಿ ಟ್ರೆಂಟ್ ಮಹಾಸಭೆ, ಮೂರು ಬಾರಿ ಪ್ರಕಟಣೆ ಓದಬೇಕು, ಧರ್ಮಕೇಂದ್ರದ ಗುರುಗಳೂ ಸಾಕ್ಷಿಗಳೂ ಇರಬೇಕು ಎಂದಿತು. ಹೆಂಡತಿಯನ್ನು ಗುಟ್ಟಾಗಿ ಕಟ್ಟಿಕೊಂಡು ಆಮೇಲೆ ‘ಆಗಲೇ ಇಲ್ಲ’ ಎನ್ನುವವರಿಂದ ಹೆಣ್ಣುಮಕ್ಕಳನ್ನು ಕಾಯಲು ಇದು ಬೇಕಿತ್ತು. ಆದರೆ ತಂದೆತಾಯಿಯ ಒಪ್ಪಿಗೆ ಇಲ್ಲದ ಮದುವೆ ಮದುವೆಯೇ ಅಲ್ಲ ಎಂದು ಸಾರಬೇಕೆಂಬ ಒತ್ತಾಯ ಬಂದಾಗ ಮಹಾಸಭೆ ಒಪ್ಪಲಿಲ್ಲ. ಹಾಗೆ ಹೇಳುವವರನ್ನೇ ಖಂಡಿಸಿತು. ಸಂಸ್ಕಾರವನ್ನು ಉಂಟುಮಾಡುವುದು ಆ ಇಬ್ಬರ ಒಪ್ಪಿಗೆ, ಹೆತ್ತವರದ್ದಲ್ಲ. ಮಕ್ಕಳ ಮದುವೆಯ ಮಾತುಕತೆ ನಡೆಸುತ್ತಿರುವ ತಂದೆತಾಯಿಯರೇ, ಇದನ್ನು ಹಗುರ ಓದೆಂದು ದಾಟಿ ಹೋಗಬೇಡಿ.

ಹೇಯರ್ ಅವರ ‘ಆ್ಯನ್ ಇನ್‌ಫೇಮಸ್ ಆರ್ಮಿ’ (1937) ವಾಟರ್ಲೂ ಯುದ್ಧದ ಕಥೆ. ಅಲ್ಲಿನ ಸೇನಾಪತಿ ವೆಲಿಂಗ್ಟನ್ ನಮಗೆ ಹೊಸಬನಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಆತ. 1784ರಿಂದ ಅಲ್ಲಿ ಸೆರೆಯಲ್ಲಿದ್ದ ಕೆನರಾ ಕಥೋಲಿಕರಲ್ಲಿ ಬದುಕುಳಿದವರು ಊರಿಗೆ ಮರಳಿದ್ದು ಆ ಸೋಲಿನ ನಂತರವೇ. ಅದೇ ವೆಲಿಂಗ್ಟನ್ ಪ್ರಧಾನಿಯಾಗಿದ್ದಾಗ, 1829ರಲ್ಲಿ, ಬ್ರಿಟನ್ನಿನ ಕಥೋಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಯಿತು. ಕಾದಂಬರಿಯಲ್ಲಿ ಆತ ನೃತ್ಯಕೂಟದಲ್ಲಿ ನಗುತ್ತಾ ನಿಂತಿರುತ್ತಾನೆ. ಓದುವ ನಮಗೆ ಅವನ ಹಿಂದೆ ಕಾವೇರಿ ಹರಿಯುವುದೂ ಕಾಣುತ್ತದೆ.

ಹಾಗಾದರೆ ಎಷ್ಟು ಓದಬೇಕು, ಯಾವಾಗ ಬಿಡಬೇಕು? ಇದಕ್ಕೆ ಗಂಟೆಯ ಲೆಕ್ಕ ನನ್ನಲ್ಲಿಲ್ಲ. ಲೊಯೋಲಾದ ಸಂತ ಇಗ್ನೇಷಿಯಸರ ಅಳತೆ ಇದೆ. 1521ರಲ್ಲಿ ಪಂಪ್ಲೋನಾ ಕೋಟೆಯಲ್ಲಿ ಕಾಲಿಗೆ ಗುಂಡು ಬಡಿದು ಮಲಗಿದ್ದಾಗ ಅವರು ಕೇಳಿದ್ದು ವೀರಯೋಧರ ಕಾದಂಬರಿಗಳನ್ನೇ. ಮನೆಯಲ್ಲಿ ಅವು ಇರಲಿಲ್ಲ; ಸಿಕ್ಕಿದ್ದು ಕ್ರಿಸ್ತಚರಿತ್ರೆ ಮತ್ತು ಸಂತರ ಕಥೆಗಳು. ಒಬ್ಬ ಶ್ರೀಮಂತ ಮಹಿಳೆಗಾಗಿ ತಾವು ಮಾಡುವ ಸಾಹಸಗಳನ್ನು ಅವರು ಗಂಟೆಗಟ್ಟಲೆ ಕನಸು ಕಾಣುತ್ತಿದ್ದರು. ಸಂತರಂತೆ ಬದುಕುವುದನ್ನೂ ಕನಸು ಕಾಣುತ್ತಿದ್ದರು. ಕನಸು ನಡೆಯುವಾಗ ಎರಡೂ ಸಿಹಿ. ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸಿ ಹೋಗುತ್ತಿತ್ತು, ಎರಡನೆಯದು ತಣ್ಣಗೆ ಉಳಿಯುತ್ತಿತ್ತು. ಈ ವ್ಯತ್ಯಾಸ ಗಮನಿಸಿದ್ದೇ ಅವರ ಹೊಸ ಬಾಳಿನ ಆರಂಭ. ನೀವೂ ಪುಸ್ತಕ ಮುಚ್ಚಿದ ಮೇಲಿನ ಅರ್ಧ ಗಂಟೆಯನ್ನು ಗಮನಿಸಿ. ಅಡುಗೆಮನೆಗೆ ಹಾಡುತ್ತಾ ಹೋದಿರೋ, ಅಥವಾ ಸಾರೋಟು ಇಲ್ಲದ ಗಂಡನನ್ನು ಕಂಡು ಸಿಡುಕಿದಿರೋ?

ಮಕ್ಕಳ ಕೈಯಿಂದ ಪುಸ್ತಕ ಕಸಿದುಕೊಳ್ಳುವವರಿಗೆ ಪೋಪ್ ಫ್ರಾನ್ಸಿಸರ ಒಂದು ನೆನಪು ಹೇಳಬೇಕು. ಸಾಹಿತ್ಯ ಓದುವುದರ ಬೆಲೆಯನ್ನು ಕುರಿತು 2024ರ ಜುಲೈನಲ್ಲಿ ಅವರು ಒಂದು ಪತ್ರ ಬರೆದರು. 1964–65ರಲ್ಲಿ ಅರ್ಜೆಂಟೀನಾದ ಸಾಂತಾ ಫೆಯಲ್ಲಿ ಸಾಹಿತ್ಯದ ಮೇಷ್ಟ್ರಾಗಿದ್ದಾಗ, ಪಠ್ಯದಲ್ಲಿದ್ದ ಹಳೆಯ ವೀರಕಾವ್ಯ ಹುಡುಗರಿಗೆ ಬೇಡವಾಗಿತ್ತಂತೆ. ಅದನ್ನು ಮನೆಯಲ್ಲಿ ಓದಿಕೊಳ್ಳಲು ಹೇಳಿ, ತರಗತಿಯಲ್ಲಿ ಹುಡುಗರ ಮೆಚ್ಚಿನ ಲೇಖಕರನ್ನೇ ಎತ್ತಿಕೊಂಡರು. ನೀವೂ ಕಸಿದುಕೊಳ್ಳುವ ಬದಲು ಪಕ್ಕದಲ್ಲಿ ಕುಳಿತು, “ಇದರಲ್ಲಿ ನಡೆದದ್ದು ಯಾವುದು, ಕಟ್ಟಿದ್ದು ಯಾವುದು?” ಎಂದು ಕೇಳಿ ನೋಡಿ. ಊಟದ ಹೊತ್ತಿಗೆ ಮಾತು ಮುಗಿಯದು.

ಕ್ಯಾಡ್‌ಫೇಲ್ ಓದಬೇಕೆನಿಸಿದವರು ಎರಡನೆಯ ಪುಸ್ತಕದಿಂದಲೇ ತೊಡಗಬಹುದು. ಕಥೆಯ ದಾರಿ ತಪ್ಪುವುದಿಲ್ಲ. ಮೊದಲನೆಯದನ್ನು ಆಮೇಲೆ ಓದಿ, ರಾಬರ್ಟರ ಬಿಂಕ ಕಂಡು ನಕ್ಕುಬಿಡಿ. ನಕ್ಕ ಮೇಲೆ ಅವರ ಆತ್ಮಶಾಂತಿಗಾಗಿ ಒಂದು ‘ನಮೋ ಮರಿಯಾ’ ಹೇಳಿ.